ಕಿಟಕಿಯಲ್ಲಿ ಕಣಜದ ಗೂಡು: ಇರಲಿ ಬಿಡಬೇಕೋ, ತೆಗೆಸಬೇಕೋ?

ಮನೆಯ ಸಜ್ಜಾ ಕೆಳಗೆ ಕಣಜದ ಗೂಡು ಕಾಣಿಸಿದರೆ ಮನೆಯೊಳಗೆ ಕೂಡಲೇ ಮೂರು ಮಾತು ಹುಟ್ಟುತ್ತವೆ. ಅಜ್ಜಿ “ಅದರ ಪಾಡಿಗೆ ಅದಿರಲಿ, ಏನೂ ಮಾಡಲ್ಲ” ಎನ್ನುತ್ತಾರೆ. ಚಿಕ್ಕ ಮಗುವಿನ ತಾಯಿ “ಇವತ್ತೇ ತೆಗೆಸಿ” ಎನ್ನುತ್ತಾರೆ. ಪಕ್ಕದ ಮನೆಯವರು ಕೋಲಿಗೆ ಸೀಮೆಎಣ್ಣೆ ಬಟ್ಟೆ ಸುತ್ತಲು ಹೊರಡುತ್ತಾರೆ. ಅಜ್ಜಿಯ ಮಾತಿನಲ್ಲೂ ನ್ಯಾಯ ಇದೆ, ತಾಯಿಯ ಮಾತಿನಲ್ಲೂ ಇದೆ. ಗೂಡು ಯಾರದು, ಎಲ್ಲಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ನೋಡಿದರೆ ಯಾರ ಮಾತು ಕೇಳಬೇಕು ಎಂದು ಗೊತ್ತಾಗುತ್ತದೆ. ಸೀಮೆಎಣ್ಣೆ ಕೋಲು ಮಾತ್ರ ಯಾವ ಮನೆಗೂ ಬೇಡ.

ನಮ್ಮ ಮುಂದಿರುವ ದಾರಿಗಳು ಐದು. ಹಾಗೇ ಬಿಡುವುದು. ಗೂಡನ್ನು ಬಿಟ್ಟು ನಮ್ಮ ಓಡಾಟವನ್ನು ಸ್ವಲ್ಪ ಬದಲಿಸಿಕೊಳ್ಳುವುದು. ಗೂಡು ಶುರುವಾಗುವಾಗಲೇ ತಡೆಯುವುದು. ನಾವೇ ತೆಗೆಯುವುದು. ಗೊತ್ತಿರುವವರನ್ನು ಕರೆಸುವುದು. ಬಹಳ ಜನ ಮೊದಲನೆಯದೋ ಕೊನೆಯದೋ ಎಂದು ಒದ್ದಾಡುತ್ತಾರೆ. ಹೆಚ್ಚಿನ ಮನೆಗಳಿಗೆ ಹೊಂದುವುದು ಎರಡನೆಯದು ಮತ್ತು ಮೂರನೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು, ಅದಕ್ಕೇ ಈ ಬರಹ.

ಮೊದಲು ಏನನ್ನು ತೂಗಬೇಕು

ಹುಳ ನೋಡಲು ಎಷ್ಟು ಭಯಂಕರವಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಉದ್ದ ಸೊಂಟ, ಕಪ್ಪು ಹಳದಿ ಬಣ್ಣ, ಜೋರು ಗುಂಯ್ ಶಬ್ದ ಇರುವ ಹುಳವೇ ಎಷ್ಟೋ ಸಲ ಎಲ್ಲಕ್ಕಿಂತ ಸಾಧು.

ಎಲ್ಲಕ್ಕಿಂತ ಮುಖ್ಯ ಅಂತರ. ಗೂಡಿಗೂ ಮನುಷ್ಯರ ಕೈ, ತಲೆಗಳಿಗೂ ಎಷ್ಟು ದೂರ? ಎರಡನೇ ಮಹಡಿಯ ಸಜ್ಜಾ ಮೂಲೆಯ ಗೂಡು ಬೇರೆ, ದಿನಕ್ಕೆ ಹತ್ತು ಸಲ ಎಳೆಯುವ ಸ್ಲೈಡಿಂಗ್ ಕಿಟಕಿಯ ಗೂಡು ಬೇರೆ. ಅಂತರದ ಜೊತೆಗೇ ಅದುರುವಿಕೆಯನ್ನೂ ನೋಡಬೇಕು. ಕಣಜ ಚುಚ್ಚುವುದು ಹೆಚ್ಚಾಗಿ ಗೂಡನ್ನು ಕಾಯಲು, ಇಲ್ಲವೇ ಕೈಗೋ ಬಟ್ಟೆಗೋ ಸಿಕ್ಕಿಕೊಂಡಾಗ. ಹೂವಿನ ಮೇಲೆ ಕೂತ ಕಣಜ, ನಲ್ಲಿಯ ಹತ್ತಿರ ನೀರು ಕುಡಿಯುವ ಕಣಜ ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಗೂಡು ಕಟ್ಟಿದ ಬಾಗಿಲನ್ನು ದಡಾರ್ ಎಂದು ಹಾಕಿದರೆ ಅದೇ ಕಣಜ ಸುಮ್ನೆ ಕೂರುವುದಿಲ್ಲ. ಹಾಗಾಗಿ ಗೂಡು ಯಾವುದಕ್ಕೆ ಅಂಟಿದೆ ಎಂದು ನೋಡಿ. ಗೋಡೆಗೋ, ಅಲುಗಾಡುವ ವಸ್ತುವಿಗೋ?

ಆಮೇಲೆ ಮನೆಯ ಜನ. ಹಿಂದೆ ಜೇನೋ ಕಣಜವೋ ಕಚ್ಚಿ ಮೈಯೆಲ್ಲ ದದ್ದು ಎದ್ದವರು, ಉಸಿರು ಕಟ್ಟಿದವರು ಇದ್ದಾರೆಯೇ? ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟುವ ಮಗು ಇದೆಯೇ? ಬೇಗ ಸರಿಯಲಾಗದ ಹಿರಿಯರು? ಹುಳ ಕಂಡರೆ ಹಾರುವ ನಾಯಿ? ಇಲ್ಲಿ ನಾವು ಮರೆಯುವ ಜನರೂ ಇದ್ದಾರೆ. ಕಸ ಗುಡಿಸಲು ಬರುವ ಅಕ್ಕ, ಮೀಟರ್ ಓದಲು ಬರುವವರು, ಸಿಲಿಂಡರ್ ತರುವ ಹುಡುಗ, ಬಣ್ಣ ಹೊಡೆಯುವವರು. ಗೂಡು ಇರುವುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮೀಟರ್ ಬಾಕ್ಸ್ ಒಳಗಿನ ಗೂಡು ಮನೆಯವರಿಗಿಂತ ಅವರಿಗೇ ಜಾಸ್ತಿ ಅಪಾಯ.

ಕೊನೆಗೆ ಗೂಡಿನ ವಯಸ್ಸು ಮತ್ತು ಖರ್ಚು. ನಾಲ್ಕು ಕೋಣೆಯ ಗೂಡಿಗೆ ಒಂದು ಉದ್ದ ಕೋಲು ಸಾಕು. ಅಂಗೈ ಅಗಲ ಬೆಳೆದ ಮೇಲೆ ಕೋಲು ಸಾಲದು. ಬಾಡಿಗೆ ಮನೆಯಾದರೆ, ಅಪಾರ್ಟ್‌ಮೆಂಟ್ ಆದರೆ, ಹೊರಗೋಡೆಯ ಕೆಲಸದ ಖರ್ಚು ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಹುಳಕ್ಕಿಂತ ಗೂಡು ನೋಡಿ ಗುರುತಿಸುವುದು ಸುಲಭ

ಹಾರುವ ಹುಳ ಕಣ್ಣಿಗೆ ನಿಲ್ಲುವುದಿಲ್ಲ. ಗೂಡು ನಿಲ್ಲುತ್ತದೆ. ಹತ್ತು ಅಡಿ ದೂರದಿಂದ ಮೊಬೈಲ್ ಜೂಮ್ ಮಾಡಿ ಫೋಟೋ ತೆಗೆಯಿರಿ. ಗೂಡು ಯಾವುದರಿಂದ ಮಾಡಿದ್ದು? ಮಣ್ಣೋ, ಕಾಗದವೋ, ಮೇಣವೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದ ಹಾಗೆ.

ಮಣ್ಣಿನದಾದರೆ ಅದು ಕುಂಬಾರ ಹುಳ. ಗೋಡೆಯ ಮೂಲೆಯಲ್ಲಿ, ಪುಸ್ತಕದ ಬೆನ್ನಿಗೆ, ದೇವರ ಪಟದ ಹಿಂದೆ ಮಣ್ಣಿನ ಉಂಡೆ ಮೆತ್ತಿರುತ್ತದೆ. ಕೆಲವು ಜಾತಿಯವು ಕತ್ತು ಇರುವ ಪುಟಾಣಿ ಮಡಕೆಯನ್ನೇ ಮಾಡುತ್ತವೆ. ಅವು ಒಳಗೆ ಕಂಬಳಿಹುಳ ತುಂಬುತ್ತವೆ. ಮಣ್ಣಿನ ಕೊಳವೆ ಸಾಲು ಕಟ್ಟುವ ಕಪ್ಪು ಹಳದಿಯ, ದಾರದಂಥ ಸೊಂಟದ ಹುಳ ಜೇಡಗಳನ್ನು ತಂದು ತುಂಬುತ್ತದೆ. ಚುಚ್ಚಿ ಮರಗಟ್ಟಿಸಿದ ಆ ಬೇಟೆಯ ಜೊತೆ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚಿ ತಾಯಿ ಹೊರಟುಹೋಗುತ್ತದೆ. ಮರಿ ಆ ಬೇಟೆಯನ್ನು ತಿಂದು ಬೆಳೆದು, ರೆಕ್ಕೆ ಮೂಡಿದ ಮೇಲೆ ಗೋಡೆ ಕೊರೆದು ಹೊರಬರುತ್ತದೆ. ಒಳಗೆ ಹೋದದ್ದು ಹುಳು, ಹೊರಬಂದದ್ದು ಭ್ರಮರ! ಭ್ರಮರವನ್ನೇ ನೆನೆದು ಹುಳು ಭ್ರಮರವಾಯಿತು ಎಂಬ ಭ್ರಮರ ಕೀಟ ನ್ಯಾಯವನ್ನು ನಮ್ಮ ಹಿರಿಯರು ಹೇಳಿದ್ದರ ಹಿಂದೆ ಇಂಥದೇ ನೋಟ ಇದ್ದಿರಬೇಕು. ಇಲ್ಲಿ ಗೂಡು ಕಾಯುವ ಸೈನ್ಯವೇ ಇಲ್ಲ. ಒಂಟಿ ತಾಯಿ ಅಷ್ಟೇ. ಕೈಯಲ್ಲಿ ಹಿಡಿದು ಒತ್ತಿದರೆ ಮಾತ್ರ ಚುಚ್ಚೀತು.

ಕಾಗದದಂತಿದ್ದರೆ ಸ್ವಲ್ಪ ನಿಂತು ನೋಡಿ. ನಮ್ಮ ಮನೆಗಳಲ್ಲಿ ಜಾಸ್ತಿ ಕಾಣುವುದು ಇದೇ. ಒಣಗಿದ ಕಟ್ಟಿಗೆ, ಕಾಂಡದ ನಾರನ್ನು ಅಗಿದು ಜೊಲ್ಲು ಬೆರೆಸಿ ಮಾಡಿದ ಬೂದು ಬಣ್ಣದ ಗೂಡು. ಒಂದು ಸಣ್ಣ ತೊಟ್ಟಿನಿಂದ ಜೋತಾಡುತ್ತದೆ. ಹೊದಿಕೆ ಇರುವುದಿಲ್ಲ, ಆರು ಮೂಲೆಯ ಕೋಣೆಗಳು ಕೆಳಗಿನಿಂದ ನೇರ ಕಾಣುತ್ತವೆ. ಹುಳಗಳು ಸಣ್ಣವು, ಕಂದುಗೆಂಪು ಮೈ, ಹೊಟ್ಟೆಯ ಮೇಲೆ ಹಳದಿ ಗೆರೆ. ಕಿಟಕಿ ಚೌಕಟ್ಟು, ಗ್ರಿಲ್ಲಿನ ಸಂದು, ಹಳೇ ಪೈಪಿನ ಬಾಯಿ, ಬಳಸದ ಎಕ್ಸಾಸ್ಟ್ ಫ್ಯಾನಿನ ಗೂಡು, ಹೀಗೆ ಕಿರಿದಾದ ಬಾಯಿ ಇರುವ ಜಾಗ ಇವಕ್ಕೆ ಇಷ್ಟ.

ದಕ್ಷಿಣ ಭಾರತದಲ್ಲಿ ಎಲ್ಲೆಡೆ ಕಾಣುವ ಇಂಥ ಒಂದು ಜಾತಿಯ ಹೆಸರು ರೊಪಾಲಿಡಿಯಾ ಮಾರ್ಜಿನೇಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಇದರ ಬದುಕನ್ನು ಓದಿದ್ದಾರೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕಿ ಇಟ್ಟು, ಯಾವುದು ಏನು ಮಾಡುತ್ತದೆ ಎಂದು ಗಂಟೆಗಟ್ಟಲೆ ಬರೆದುಕೊಂಡಿದ್ದಾರೆ. ಅವರ ಕೆಲಸದಿಂದ ತಿಳಿದ ಎರಡು ಸಂಗತಿ ನಮ್ಮ ನಿರ್ಧಾರಕ್ಕೆ ನೇರ ಬೇಕಾದವು. ಒಂದು, ಈ ಗೂಡಿಗೆ ಋತುವಿನ ಗಡುವು ಇಲ್ಲ. ವರ್ಷದ ಯಾವ ತಿಂಗಳಲ್ಲೂ ಶುರುವಾಗಬಹುದು, ವರ್ಷ ದಾಟಿಯೂ ನಡೆಯಬಹುದು. ಎರಡು, ರಾಣಿ ಸತ್ತರೂ ಗೂಡು ಮುರಿಯುವುದಿಲ್ಲ. ಕೂಡಲೇ ಇನ್ನೊಂದು ಹೆಣ್ಣು ಆ ಜಾಗಕ್ಕೆ ಬಂದು, ಸುಮಾರು ವಾರದಲ್ಲಿ ಮೊಟ್ಟೆ ಇಡಲು ಶುರು ಮಾಡುತ್ತದೆ. ಹಾಗಾಗಿ ಚಪ್ಪಲಿಯಲ್ಲಿ ನಾಲ್ಕು ಹುಳ ಹೊಡೆದರೆ ಗೂಡು ಮುಗಿಯಿತು ಎಂದುಕೊಳ್ಳುವುದು ತಪ್ಪು.

ದೊಡ್ಡ ಕಣಜದ ವಿಷಯ ಬೇರೆ. ಸುಮಾರು ಒಂದು ಇಂಚು ಉದ್ದ, ಕಪ್ಪು ಮೈ, ಹೊಟ್ಟೆಗೆ ಅಡ್ಡವಾಗಿ ಒಂದೇ ಅಗಲ ಕಿತ್ತಳೆ ಹಳದಿ ಪಟ್ಟಿ. ಇದು ವೆಸ್ಪಾ ಟ್ರೋಪಿಕಾ. ಮರದ ಪೊಟರೆ, ನೆಲದ ಬಿಲ, ಗೋಡೆಯ ಟೊಳ್ಳಿನಲ್ಲಿ ಗೂಡು ಮಾಡುತ್ತದೆ. ಹಾಗಾಗಿ ಗೂಡಿಗಿಂತ ಮೊದಲು ನಮಗೆ ಕಾಣುವುದು ಒಂದೇ ತೂತಿನಲ್ಲಿ ಹೋಗಿ ಬರುವ ಹುಳಗಳ ಸಾಲು. ಇದು ಸಣ್ಣ ಕಾಗದದ ಕಣಜದ ಕಡುವೈರಿ ಕೂಡ, ಅವುಗಳ ಗೂಡಿಗೆ ನುಗ್ಗಿ ಮರಿಗಳನ್ನು ಹೊತ್ತೊಯ್ಯುತ್ತದೆ. ನಿಮ್ಮ ಕಿಟಕಿಯ ಸಣ್ಣ ಗೂಡಿನ ಮೇಲೆ ಆಗಾಗ ಒಂದು ದೊಡ್ಡ ಕಣಜ ಸುಳಿದರೆ ಅದು ಬೇಟೆಗೆ ಬಂದದ್ದು, ಅಲ್ಲಿ ವಾಸಕ್ಕಲ್ಲ. ಆದರೆ ಮನೆಗೋಡೆಯ ತೂತಿನಲ್ಲಿ ಅದರ ಸ್ವಂತ ಗೂಡೇ ಇದ್ದರೆ ಅದನ್ನು ಹಗುರವಾಗಿ ನೋಡಬಾರದು. ಕಣಜದ ಕೊಂಡಿ ಜೇನಿನದರಂತೆ ಚರ್ಮದಲ್ಲಿ ಉಳಿಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ದೊಡ್ಡ ಕಣಜಗಳು ಗುಂಪಾಗಿ ಚುಚ್ಚಿದರೆ ಅಲರ್ಜಿ ಇಲ್ಲದವರ ಪ್ರಾಣಕ್ಕೂ ಅಪಾಯ.

ಮೇಣದ ಗೂಡಾದರೆ ಅದು ಕಣಜವೇ ಅಲ್ಲ, ಜೇನು. ಅಪಾರ್ಟ್‌ಮೆಂಟಿನ ಎತ್ತರದಲ್ಲಿ, ನೀರಿನ ಟ್ಯಾಂಕಿನ ಅಡಿ ಮೂರಡಿ ಅಗಲದ ಒಂದೇ ಜೇನುತಟ್ಟಿ ಜೋತಿದ್ದರೆ ಹೆಜ್ಜೇನು. ಅವು ವಲಸೆ ಹೋಗುವ ಜೇನು, ಕೆಲವು ತಿಂಗಳಲ್ಲಿ ತಾವೇ ಏಳುತ್ತವೆ. ಕಡ್ಡಿಗೆ ಸುತ್ತಿದ ಪುಟ್ಟ ತಟ್ಟಿ ಕೋಲುಜೇನಿನದು. ಗೋಡೆ ಬಿರುಕಿನಿಂದ ಸಣ್ಣ ಮೇಣದ ಕೊಳವೆ ಹೊರಬಂದಿದ್ದರೆ ಮುಜಂಟಿ ಜೇನು, ಅದಕ್ಕೆ ಚುಚ್ಚುವ ಶಕ್ತಿಯೇ ಇಲ್ಲ. ತುಡುವೆ ಜೇನಾದರೆ ಪೆಟ್ಟಿಗೆಗೆ ತುಂಬಿಕೊಳ್ಳುವ ಜೇನು ಕೃಷಿಕರು ಸಿಗುತ್ತಾರೆ. ಜೇನಿಗೆ ವಿಷ ಹೊಡೆಸುವ ಮಾತು ಬೇಡವೇ ಬೇಡ.

ಗೂಡೇ ಕಾಣದೆ ಮನೆಯೊಳಗೆ ಒಂಟಿಯಾಗಿ ಓಡಾಡುವವೂ ಇವೆ. ಪುಟ್ಟ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತ ಕಿಟಕಿ ಗಾಜಿನ ಮೇಲೆ ನಡೆಯುವ ಕಪ್ಪು ಹುಳ ಜಿರಳೆಯ ಮೊಟ್ಟೆ ಚೀಲದಲ್ಲಿ ತನ್ನ ಮೊಟ್ಟೆ ಇಡುತ್ತದೆ. ಹಸಿರು ನೀಲಿ ಮಿಂಚಿನ ಇನ್ನೊಂದು ಕಣಜ ಜಿರಳೆಯನ್ನು ಚುಚ್ಚಿ, ಮೀಸೆ ಹಿಡಿದು, ತನ್ನ ಬಿಲಕ್ಕೆ ನಡೆಸಿಕೊಂಡು ಹೋಗುತ್ತದೆ. ಇವು ಬಂದರೆ ಓಡಿಸಬೇಡಿ, ಅವು ನಿಮ್ಮ ಕೆಲಸವನ್ನೇ ಮಾಡುತ್ತಿವೆ.

ಹಾಗೇ ಬಿಟ್ಟರೆ

ಖರ್ಚಿಲ್ಲ, ಶ್ರಮ ಇಲ್ಲ. ಮಣ್ಣಿನ ಗೂಡಿಗೆ ಇದೇ ಸರಿಯಾದ ದಾರಿ, ಬೇರೆ ಯೋಚನೆಯೇ ಬೇಡ. ಸ್ವಿಚ್‌ಬೋರ್ಡಿನ ತೂತು, ಎಸಿಯ ನೀರು ಹೋಗುವ ಕೊಳವೆ, ಬೀಗದ ಕಿಂಡಿಯಲ್ಲಿ ಮಣ್ಣು ತುಂಬಿದರೆ ಮಾತ್ರ ಕೆರೆದು ತೆಗೆಯಿರಿ. ಸ್ವಿಚ್‌ಬೋರ್ಡ್ ಆದರೆ ಮೊದಲು ಮೇನ್ ಆಫ್ ಮಾಡಿ. ಗೂಡಿಗೆ ದುಂಡನೆಯ ತೂತು ಬಿದ್ದಿದ್ದರೆ ಮರಿ ಹೊರಟು ಹೋಗಿದೆ ಎಂದರ್ಥ, ಆಗ ಗೋಡೆ ಒರೆಸಿಕೊಳ್ಳಬಹುದು.

ಕಾಗದದ ಗೂಡನ್ನು ಹಾಗೇ ಬಿಡಬಹುದಾದ ಜಾಗಗಳೂ ಬಹಳ. ತಲೆಗಿಂತ ಬಹಳ ಎತ್ತರದ ಸಜ್ಜಾ, ಬಳಸದ ಹಿತ್ತಿಲ ಗೋಡೆ, ತೋಟದ ಬೇಲಿ. ಇದರ ಲಾಭ ಕೈತೋಟ ಇರುವವರಿಗೆ ಗೊತ್ತಾಗುತ್ತದೆ. ಈ ಕಣಜಗಳು ದಿನವಿಡೀ ಕಂಬಳಿಹುಳ ಮತ್ತು ಇತರ ಸಣ್ಣ ಹುಳಗಳನ್ನು ಹಿಡಿದು, ಅಗಿದು ಮರಿಗಳಿಗೆ ತಿನ್ನಿಸುತ್ತವೆ. ಕರಿಬೇವು, ಬದನೆ, ಕೋಸು ಬೆಳೆಯುವವರಿಗೆ ಇದು ಪುಕ್ಕಟೆ ಕಾವಲು. ಇವುಗಳ ದೂರದ ನೆಂಟರನ್ನು ಸರ್ಕಾರವೇ ದುಡ್ಡು ಕೊಟ್ಟು ಸಾಕುತ್ತದೆ. ಪಪ್ಪಾಯ ತೋಟಗಳನ್ನು ಬಿಳಿ ಹಿಟ್ಟು ತಿಗಣೆ ಹಾಳು ಮಾಡುತ್ತಿದ್ದಾಗ, 2010ರಲ್ಲಿ ಬೆಂಗಳೂರಿನ ಕೇಂದ್ರ ಕೃಷಿ ಕೀಟ ಸಂಸ್ಥೆ ಹೊರದೇಶದಿಂದ ತರಿಸಿ ಬಿಟ್ಟ ಒಂದು ಪುಟಾಣಿ ಕಣಜವೇ ಅದನ್ನು ಹತೋಟಿಗೆ ತಂದಿತು.

ಈ ದಾರಿಯ ತೊಂದರೆ ಎಂದರೆ ಗೂಡು ಬೆಳೆಯುತ್ತದೆ. “ಚಳಿಗಾಲ ಬರಲಿ, ತಾವೇ ಸಾಯುತ್ತವೆ” ಎಂಬ ಸಲಹೆ ಇಂಟರ್ನೆಟ್‌ನಲ್ಲಿ ತುಂಬ ಸಿಗುತ್ತದೆ. ಅದು ಹಿಮ ಬೀಳುವ ದೇಶಗಳ ಕಣಜಕ್ಕೆ ಸರಿ. ಬೆಂಗಳೂರಿನ, ಮೈಸೂರಿನ ಡಿಸೆಂಬರ್ ನಮ್ಮ ಕಣಜಕ್ಕೆ ಒಂದು ಲೆಕ್ಕವೇ ಅಲ್ಲ. ಆದ್ದರಿಂದ ಬಿಡುವುದಾದರೆ ಕಾಲವೇ ನೆರವಾಗುತ್ತದೆ ಎಂದು ನಂಬಿ ಬಿಡಬೇಡಿ. ಜಾಗ ಚೆನ್ನಾಗಿದೆ, ಬೆಳೆದರೂ ಯಾರಿಗೂ ಅಡ್ಡ ಬರುವುದಿಲ್ಲ ಎಂದಾದರೆ ಮಾತ್ರ ಬಿಡಿ.

ಗೂಡು ಅಲ್ಲೇ, ನಾವು ಸ್ವಲ್ಪ ಈಚೆ

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ಗೂಡು ಕೈಗೆಟುಕುವಷ್ಟು ಹತ್ತಿರ ಇಲ್ಲ, ಆದರೆ ಪೂರ್ತಿ ಮರೆಯುವಷ್ಟು ದೂರವೂ ಇಲ್ಲ. ಎಷ್ಟೋ ಮನೆಗಳ ಸ್ಥಿತಿ ಹೀಗೇ ಅಲ್ವಾ?

ಕಿಟಕಿಯ ಹೊರಗೆ ಗೂಡಿದ್ದರೆ ಒಳಗಿನಿಂದ ಜಾಲರಿ ಹಾಕಿ. ವೆಲ್ಕ್ರೋ ಪಟ್ಟಿಯ ಸೊಳ್ಳೆ ಜಾಲರಿ ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ, ಬಾಡಿಗೆ ಮನೆಯವರು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು. ಸ್ವಂತ ಮನೆಯಾದರೆ ಅಲ್ಯೂಮಿನಿಯಂ ಚೌಕಟ್ಟಿನ ಜಾಲರಿ ಬಾಳಿಕೆ ಬರುತ್ತದೆ, ಸೊಳ್ಳೆಗೂ ಆಗುತ್ತದೆ. ವಿಜ್ಞಾನ ಸಂಸ್ಥೆಯಲ್ಲೂ ಕಣಜಗಳ ಮನೆಗೆ ಜಾಲರಿಯೇ ಹಾಕಿದ್ದರು. ಸಣ್ಣ ಕಣಜ ನುಸುಳುವಷ್ಟು, ದೊಡ್ಡ ಕಣಜ ನುಗ್ಗದಷ್ಟು ಕಿಂಡಿಯದು. ನಮಗೆ ಬೇಕಾದದ್ದು ಅದಕ್ಕಿಂತ ಸಣ್ಣ ಕಿಂಡಿ.

ಸ್ಲೈಡಿಂಗ್ ಕಿಟಕಿಯಾದರೆ ಗೂಡಿನ ಕಡೆಯ ಅರ್ಧಕ್ಕೆ ಬೀಗ ಹಾಕಿ, ಇನ್ನರ್ಧ ಬಳಸಿ. ಬಟ್ಟೆ ಒಣಗಿಸುವ ತಂತಿಯನ್ನು ಬೇರೆ ಕಡೆ ಕಟ್ಟಿ. ಒಣಗಿದ ಬಟ್ಟೆಯ ತೋಳಿನೊಳಗೆ ಕೂತ ಕಣಜ ಚುಚ್ಚುವುದು ಬಹಳ ಕಡೆ ನಡೆಯುವ ಸಂಗತಿ, ಕೊಡವಿಯೇ ಮಡಿಸಿ. ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ. ಬಿಸಿಲಿನಲ್ಲಿ ಗೂಡು ತಂಪು ಮಾಡಲು ಅವಕ್ಕೆ ನೀರು ಬೇಕು, ಹತ್ತಿರ ನೀರು ಸಿಕ್ಕಷ್ಟೂ ಓಡಾಟ ಜಾಸ್ತಿ. ಹಲಸಿನ ತೊಳೆ, ಮಾವಿನ ಸಿಪ್ಪೆ, ಮೀನಿನ ಕಸ ತೆರೆದಿಡಬೇಡಿ. ಗೂಡಿನ ಕೆಳಗೆ ಓಡಾಡುವವರಿಗೆ ಕಾಣುವಂತೆ ಒಂದು ಚೀಟಿ ಅಂಟಿಸಿ. ಕನ್ನಡದಲ್ಲೂ ಬರೆಯಿರಿ, ಹಿಂದಿ ತಿಳಿದ ಕೆಲಸದವರು ಬರುವುದಿದ್ದರೆ ಅದರಲ್ಲೂ ಬರೆಯಿರಿ.

ಅವುಗಳ ಎಚ್ಚರಿಕೆಯನ್ನು ಓದಲು ಕಲಿಯುವುದೂ ಈ ದಾರಿಯ ಭಾಗ. ಕಾಗದದ ಗೂಡಿನ ಹುಳಗಳು ಮೊದಲು ತಿರುಗಿ ನಿಮ್ಮ ಕಡೆ ಮುಖ ಮಾಡುತ್ತವೆ. ಮೈ ಎತ್ತಿ, ರೆಕ್ಕೆ ನಿಮಿರಿಸಿ ನಿಲ್ಲುತ್ತವೆ. ಅದು “ಇಲ್ಲಿಗೆ ನಿಲ್ಲು” ಎಂಬ ಮಾತು. ನಿಂತು, ಕೈ ಬೀಸದೆ, ನಿಧಾನ ಹಿಂದೆ ಸರಿಯಿರಿ. ಮಕ್ಕಳಿಗೆ ಇದನ್ನು ದೂರದಿಂದ ತೋರಿಸಿದರೆ ಅವರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಒಂದು ಹುಳ ಕೋಣೆಯೊಳಗೆ ಬಂದರೆ ಟವೆಲ್ ಬೀಸಬೇಡಿ. ಫ್ಯಾನ್, ಲೈಟ್ ಆರಿಸಿ, ಬೆಳಕಿನ ಕಡೆಯ ಕಿಟಕಿ ತೆಗೆದಿಡಿ, ಹೊರಗೆ ಹೋಗುತ್ತದೆ.

ಇದಕ್ಕೆ ಮನೆಯವರೆಲ್ಲರ ಒಪ್ಪಿಗೆ ಬೇಕು ಎಂಬುದೇ ಇದರ ಕಷ್ಟ. ಒಬ್ಬರಿಗೆ ಭಯ ಹೋಗದಿದ್ದರೆ ಆ ಭಯಕ್ಕೂ ಬೆಲೆ ಕೊಡಬೇಕು. ಹೆದರಿ ಕೈ ಬೀಸುವವರೇ ಚುಚ್ಚಿಸಿಕೊಳ್ಳುವುದು ಜಾಸ್ತಿ.

ಶುರುವಿನಲ್ಲೇ ತಡೆಯುವುದು

ಎರಡು ಮೂರು ಕೋಣೆಯ ಗೂಡು, ಮೇಲೆ ಒಂದೋ ಎರಡೋ ಹುಳ. ಈ ಹಂತದಲ್ಲಿ ಕಣಜ ಗೂಡಿಗಾಗಿ ಹೋರಾಡುವುದು ಕಡಿಮೆ. ಹುಳ ಹೊರಗೆ ಹೋದಾಗ ಉದ್ದ ಕೋಲಿನಿಂದ ಗೂಡನ್ನು ತೊಟ್ಟಿನ ಸಮೇತ ಕೆಡವಿ, ಜಾಗ ಒರೆಸಿ. ಅದು ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಕೆಲವೊಮ್ಮೆ ಅಲ್ಲೇ ಮತ್ತೆ ಶುರು ಮಾಡುತ್ತದೆ, ಮತ್ತೆ ಕೆಡವಬೇಕು. ಹುಳ ಸಾಯುವುದಿಲ್ಲ, ಪಕ್ಕದ ಬೇಲಿಯಲ್ಲಿ ಬದುಕಿಕೊಳ್ಳುತ್ತದೆ. ರೊಪಾಲಿಡಿಯಾ ಮಾರ್ಜಿನೇಟ ಜಾತಿಯಲ್ಲಿ ಮೊಟ್ಟೆಯಿಂದ ಹುಳ ಆಗಲು ಸುಮಾರು ಎರಡು ತಿಂಗಳು ಬೇಕು. ಹಾಗಾಗಿ ತಿಂಗಳಿಗೊಮ್ಮೆಯೋ ಎರಡು ಸಲವೋ ಮನೆಯ ಸುತ್ತ ಕಣ್ಣಾಡಿಸಿದರೆ ದೊಡ್ಡ ಗೂಡು ನಿಮಗೆ ತಿಳಿಯದೆ ಬೆಳೆಯುವುದು ಕಷ್ಟ. ಯಾವ ತಿಂಗಳಲ್ಲೂ ಶುರುವಾಗಬಹುದು ಎಂದೆನಲ್ಲ, ಅದಕ್ಕೇ ಒಂದೇ ಋತುವಿನಲ್ಲಿ ನೋಡಿದರೆ ಸಾಲದು.

ಇದರ ಜೊತೆ ತೂತು ಮುಚ್ಚುವ ಕೆಲಸ ಮಾಡಿ. ಗೋಡೆಯ ಹಳೇ ಮೊಳೆ ತೂತು, ಕೇಬಲ್ ಬಂದ ಕಿಂಡಿಗೆ ಎಂ-ಸೀಲ್ ಅಥವಾ ಸಿಮೆಂಟ್. ಪೈಪಿನ ಬಾಯಿಗೆ, ಎಕ್ಸಾಸ್ಟ್ ಫ್ಯಾನಿಗೆ ಸಣ್ಣ ಜಾಲರಿ. ಮೀಟರ್ ಬಾಕ್ಸಿನ ಬಾಗಿಲು ಸರಿಯಾಗಿ ಕೂರುವಂತೆ ಮಾಡಿ. ಮುಚ್ಚುವ ಮೊದಲು ಒಳಗೆ ಹುಳ ಹೋಗಿ ಬರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ದುಡ್ಡು ಕಡಿಮೆ, ಗಮನ ಜಾಸ್ತಿ ಬೇಡುವ ದಾರಿ ಇದು. ಮಗು ಇರುವ ಮನೆ, ಅಂಗನವಾಡಿ, ಅಂಗಡಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ನಾವೇ ತೆಗೆಯುವುದು

ಬೆಳೆದ ಗೂಡಿಗೆ ಕೈ ಹಾಕುವುದನ್ನು ನಾನು ಬೇಡ ಎನ್ನುತ್ತೇನೆ. ಜಿರಳೆ ಸ್ಪ್ರೇ ಮನೆಯಲ್ಲೇ ಇದೆ, ಇನ್ನೂರು ಮುನ್ನೂರು ರೂಪಾಯಿಯಲ್ಲಿ ಕೆಲಸ ಆಗುತ್ತದೆ ಎನಿಸುವುದು ಸಹಜ. ಆದರೆ ಸ್ಪ್ರೇ ಬಿದ್ದ ಹುಳ ಅಲ್ಲೇ ಸಾಯುವ ಮೊದಲು ಹಾರುತ್ತದೆ. ಹೊರಗೆ ಹೋದವು ತಿರುಗಿ ಬರುತ್ತವೆ. ನೀವು ಸ್ಟೂಲಿನ ಮೇಲೆ ನಿಂತಿರುತ್ತೀರಿ. ಎಷ್ಟೋ ಸಲ ಚುಚ್ಚಿದ್ದಕ್ಕಿಂತ ಬಿದ್ದದ್ದೇ ದೊಡ್ಡ ಪೆಟ್ಟು. ಆ ಸ್ಪ್ರೇ ಬೆಂಕಿಗೆ ಹೊತ್ತಿಕೊಳ್ಳುವಂಥದ್ದು. ಅಡುಗೆಮನೆ ಕಿಟಕಿ, ದೇವರ ದೀಪದ ಹತ್ತಿರ ಬಳಸುವಂತೆಯೇ ಇಲ್ಲ.

ಸೀಮೆಎಣ್ಣೆ ಬೆಂಕಿಯ ಮಾತು ಮತ್ತೆ ಹೇಳುತ್ತೇನೆ. ಉರಿಯುವ ಗೂಡು ಕೆಳಗೆ ಬೀಳುತ್ತದೆ. ಒಣಹುಲ್ಲು, ಹೆಂಚಿನ ಕೆಳಗಿನ ಮರ, ಬಿಸಿಲಿಗೆ ಕಟ್ಟಿದ ಪ್ಲಾಸ್ಟಿಕ್ ಪರದೆ, ಕೇಬಲ್ ವೈರು, ಯಾವುದು ಹೊತ್ತಿಕೊಂಡರೂ ಕಷ್ಟ. ದೊಡ್ಡ ಕಣಜದ ಗೂಡಿಗೆ ಬೆಂಕಿ ಇಟ್ಟರೆ ಉಳಿದ ಹುಳಗಳು ಇಡೀ ಬೀದಿಗೆ ಶತ್ರುಗಳಾಗುತ್ತವೆ.

ಇನ್ನೊಂದು ತಪ್ಪು ಗೋಡೆಯೊಳಗಿನ ಗೂಡಿನ ಬಾಯಿಗೆ ಸಿಮೆಂಟ್ ಮೆತ್ತುವುದು. ಒಳಗೆ ಸಿಕ್ಕಿದ ಹುಳ ಬೇರೆ ದಾರಿ ಕೊರೆಯುತ್ತದೆ. ಆ ದಾರಿ ನಿಮ್ಮ ಮಲಗುವ ಕೋಣೆಗೇ ತೆರೆಯಬಹುದು.

ಗೊತ್ತಿರುವವರನ್ನು ಕರೆಸುವುದು

ಹಣ ಜಾಸ್ತಿ ಹೋಗುತ್ತದೆ. ನಗರದಲ್ಲಿ ಪೆಸ್ಟ್ ಕಂಟ್ರೋಲ್‌ನವರು ಎತ್ತರ, ಜಾಗ ನೋಡಿ ಸಾವಿರದ ಲೆಕ್ಕದಲ್ಲಿ ಕೇಳುವುದುಂಟು. ಕೆಲವು ಸಂದರ್ಭದಲ್ಲಿ ಆ ಹಣ ಕೊಡಲೇಬೇಕು. ದೊಡ್ಡ ಕಣಜದ ಗೂಡು ಓಡಾಟದ ದಾರಿಯಲ್ಲಿದ್ದರೆ, ಅಲರ್ಜಿ ಇರುವವರು ಇದ್ದರೆ, ಶಾಲೆ, ಆಸ್ಪತ್ರೆಯ ಬಾಗಿಲಲ್ಲಿದ್ದರೆ, ಗೂಡು ಮೀಟರ್ ಬಾಕ್ಸ್ ಅಥವಾ ಲಿಫ್ಟ್ ಕೋಣೆಯಲ್ಲಿದ್ದರೆ ಲೆಕ್ಕ ಹಾಕುತ್ತ ಕೂರಬೇಡಿ.

ಕರೆಯುವ ಮೊದಲು ಫೋಟೋ ಕಳಿಸಿ, ಇದು ಯಾವ ಹುಳ ಎಂದು ಅವರನ್ನೇ ಕೇಳಿ. ಕಣಜ, ಜೇನು ಎರಡಕ್ಕೂ ಒಂದೇ ಔಷಧಿ ಎನ್ನುವವರನ್ನು ಬಿಡಿ. ಮೈ ಮುಚ್ಚುವ ಉಡುಪು ಇದೆಯೇ, ಯಾವ ಔಷಧಿ, ಎಷ್ಟು ಹೊತ್ತು ಕಿಟಕಿ ಮುಚ್ಚಿರಬೇಕು, ಸತ್ತ ಗೂಡನ್ನು ಕಿತ್ತು ಒಯ್ಯುತ್ತಾರೆಯೇ, ತೂತು ಮುಚ್ಚುತ್ತಾರೆಯೇ? ಕೊನೆಯ ಎರಡು ಮಾಡದಿದ್ದರೆ ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಕೊಟ್ಟಂತೆ. ಅಪಾರ್ಟ್‌ಮೆಂಟ್ ಆದರೆ ಅಕ್ಕಪಕ್ಕದ, ಮೇಲಿನ ಕೆಳಗಿನ ಮನೆಗಳಿಗೆ ಮೊದಲೇ ತಿಳಿಸಿ. ಸುದ್ದಿ ಗೊತ್ತಿಲ್ಲದೆ ಬಾಲ್ಕನಿಯಲ್ಲಿ ಕೂತಿದ್ದ ಅಜ್ಜನಿಗೆ ತೊಂದರೆ ಆಗಬಾರದು.

ನಿಮ್ಮ ಮನೆಗೆ ಯಾವುದು

ಬಾಡಿಗೆ ಫ್ಲಾಟ್, ಎರಡು ವರ್ಷದ ಮಗು, ಬಾಲ್ಕನಿ ಗ್ರಿಲ್ಲಿನಲ್ಲಿ ಅಂಗೈ ಅಗಲದ ಕಾಗದದ ಗೂಡು. ಮಗು ಅದೇ ಗ್ರಿಲ್ ಹಿಡಿದು ನಿಲ್ಲುತ್ತದೆ. ಇಲ್ಲಿ ತಾಯಿಯ ಮಾತೇ ಸರಿ. ಬಾಲ್ಕನಿ ಬಾಗಿಲು ಹಾಕಿ, ಕರೆಸಿ ತೆಗೆಸಿ, ಆಮೇಲೆ ತಿಂಗಳಿಗೊಮ್ಮೆ ನೋಡುತ್ತಿರಿ. ಅದೇ ಗೂಡು ಅಡುಗೆಮನೆ ಕಿಟಕಿಯ ಹೊರಗೆ, ಸಜ್ಜಾ ಮೂಲೆಯಲ್ಲಿ ಇದ್ದರೆ ಜಾಲರಿ ಸಾಕು.

ಮಲೆನಾಡಿನ ಹೆಂಚಿನ ಮನೆ, ಸುತ್ತ ಅಡಿಕೆ ತೋಟ. ಮನೆಯ ಸುತ್ತಿನ ಸಣ್ಣ ಗೂಡುಗಳನ್ನು ಎಣಿಸುತ್ತ ಕೂರುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅಲ್ಲಿ ನೋಡಬೇಕಾದದ್ದು ತೋಟದ ಬದು, ಪೊಟರೆ, ಬಿಲದ ದೊಡ್ಡ ಕಣಜ. ಕಳೆ ಹೊಡೆಯುವ ಮಷೀನಿನ ಅದುರು ನೆಲದ ಗೂಡಿಗೆ ನೇರ ತಟ್ಟುತ್ತದೆ. ಮಷೀನ್ ಹಚ್ಚುವ ಮುನ್ನ ಹಗಲಿನಲ್ಲಿ ಒಂದು ಸುತ್ತು ನಡೆದು, ಹುಳ ಏಳುವ ಜಾಗಕ್ಕೆ ಬಣ್ಣದ ಬಟ್ಟೆ ಕಟ್ಟಿ, ಅಷ್ಟು ಜಾಗ ಬಿಟ್ಟು ಕೆಲಸ ಮಾಡಿಸಿ. ಕೆಲಸಕ್ಕೆ ಬಂದವರಿಗೆ ಬಾಯಲ್ಲಿ ಹೇಳಿ, ತೋರಿಸಿ.

ಅಲರ್ಜಿ ಇರುವವರ ಮನೆಯ ಲೆಕ್ಕ ಎಲ್ಲರಿಗಿಂತ ಬೇರೆ. ಹಿಂದೆ ಒಮ್ಮೆ ಚುಚ್ಚಿದಾಗ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದರೆ, ತಲೆಸುತ್ತು ಆಗಿದ್ದರೆ ಕೈಗೆಟುಕುವ ದೂರದ ಯಾವ ಕಾಗದದ ಗೂಡನ್ನೂ ಇಟ್ಟುಕೊಳ್ಳಬೇಡಿ. ವೈದ್ಯರ ಹತ್ತಿರ ಮೊದಲೇ ಹೋಗಿ, ಅಡ್ರಿನಲಿನ್ ಚುಚ್ಚುಮದ್ದು ಹತ್ತಿರ ಇಟ್ಟುಕೊಳ್ಳಬೇಕೇ ಎಂದು ಕೇಳಿ. ಮಣ್ಣಿನ ಗೂಡಿಗೆ ಈ ಭಯ ಬೇಡ, ಆದರೂ ಅದನ್ನು ಕೆರೆಯುವ ಕೆಲಸ ಬೇರೆಯವರು ಮಾಡಲಿ.

ಯಾವ ದಾರಿ ಹಿಡಿದರೂ ಚುಚ್ಚಿದರೆ ಏನು ಮಾಡಬೇಕು ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಮೊದಲು ಗೂಡಿನಿಂದ ದೂರ ಹೋಗಿ. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಕೈಗೆ ಚುಚ್ಚಿದ್ದರೆ ಉಂಗುರ, ಬಳೆ ಕೂಡಲೇ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಸುಣ್ಣ ಹಚ್ಚುವ ಅಭ್ಯಾಸ ಬಿಡಿ, ಚರ್ಮ ಸುಡುತ್ತದೆ. ಚುಚ್ಚಿದ ಜಾಗದಲ್ಲಿ ಮಾತ್ರ ಊತ, ಉರಿ ಇದ್ದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ದೂರದ ಚರ್ಮದಲ್ಲೂ ದದ್ದು, ತುಟಿ ನಾಲಿಗೆ ಊತ, ಉಬ್ಬಸ, ವಾಂತಿ, ಕಣ್ಣು ಕತ್ತಲೆ ಬಂದರೆ ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಬಾಯಿ, ಗಂಟಲೊಳಗೆ ಚುಚ್ಚಿದರೂ ಹಾಗೇ. ಒಟ್ಟಿಗೆ ಹತ್ತಾರು ಕಡೆ ಚುಚ್ಚಿದ್ದರೆ ಆ ಹೊತ್ತಿಗೆ ಆರಾಮ ಎನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಕಿಡ್ನಿಗೆ ತಟ್ಟುವುದು ಮುಂದಿನ ದಿನಗಳಲ್ಲಿ ಗೊತ್ತಾಗುತ್ತದೆ. ಮೂತ್ರದ ಬಣ್ಣ ಕಪ್ಪಾದರೆ, ಮೂತ್ರವೇ ಕಡಿಮೆಯಾದರೆ ವೈದ್ಯರಿಗೆ ಆಗಲೇ ಹೇಳಿ.

ಇನ್ನೂ ನಿರ್ಧಾರ ಆಗದಿದ್ದರೆ ನಾಳೆ ಬೆಳಿಗ್ಗೆ ಬಿಸಿಲು ಬಂದ ಮೇಲೆ ದೂರದಲ್ಲಿ ಹತ್ತು ನಿಮಿಷ ನಿಂತು ನೋಡಿ. ಹುಳಗಳು ಗೂಡಿನಿಂದ ಎದ್ದು ಯಾವ ಕಡೆ ಹಾರುತ್ತವೆ? ಆ ದಾರಿ ನಿಮ್ಮ ಬಾಗಿಲಿನ ಎದುರಿಗೆ, ಮುಖದ ಎತ್ತರದಲ್ಲಿ ಹಾದುಹೋದರೆ ತೆಗೆಸಿ. ಆಕಾಶದ ಕಡೆಗೋ ಬೇಲಿಯ ಕಡೆಗೋ ಇದ್ದರೆ ಜಾಲರಿ ತರಲು ಅಳತೆ ತೆಗೆದುಕೊಳ್ಳಿ.